ಮರದ ಪೆನ್ನಿನ ಮೇಲೆ ಲೇಸರ್ ಕೆತ್ತನೆ: ದೋಷಗಳನ್ನು ಗುರುತಿಸಿ ಸರಿಪಡಿಸುವ ಬಗೆ

ಲೇತಿನಲ್ಲಿ ಕಡೆದು, ಉಜ್ಜಿ, ಹೊಳಪು ಕೊಟ್ಟ ಮರದ ಪೆನ್ನಿನ ಮೇಲೆ ಹೆಸರನ್ನೋ ಬಳ್ಳಿಯ ಚಿತ್ತಾರವನ್ನೋ ಲೇಸರ್‌ನಿಂದ ಕೆತ್ತುವಾಗ ಕಾಣಿಸಿಕೊಳ್ಳುವ ದೋಷಗಳಲ್ಲಿ ಹೆಚ್ಚಿನವಕ್ಕೆ ಯಂತ್ರದ ಶಕ್ತಿ ಕಾರಣವಲ್ಲ. ಆದರೂ ಗುರುತು ಮಸುಕಾದ ಕೂಡಲೇ ಪವರ್ ಏರಿಸುವುದು, ಸುಟ್ಟ ಕೂಡಲೇ ಇಳಿಸುವುದು ಬಹಳ ಕಾರ್ಯಾಗಾರಗಳಲ್ಲಿ ರೂಢಿಯಾಗಿದೆ. ಪವರ್ ಏರಿಸಿದಾಗ ಮಸುಕಾದ ಭಾಗ ಸ್ವಲ್ಪ ಗಾಢವಾಗುತ್ತದೆ, ಆದರೆ ಚೆನ್ನಾಗಿದ್ದ ಭಾಗ ಕರಕಲಾಗುತ್ತದೆ. ಮೂಲ ದೋಷ ಇದ್ದಲ್ಲಿಯೇ ಉಳಿಯುತ್ತದೆ. ಆದುದರಿಂದ ಈ ಬರಹದಲ್ಲಿ ಪವರ್ ಬದಲಿಸುವುದನ್ನು ಕೊನೆಯ ಹೆಜ್ಜೆಯಾಗಿ ಇಟ್ಟುಕೊಂಡು, ಕೆತ್ತಿದ ಗುರುತನ್ನು ನೋಡಿಯೇ ಕಾರಣವನ್ನು ಹುಡುಕುವ ಕ್ರಮವನ್ನು ವಿವರಿಸಲಾಗಿದೆ. ಸಣ್ಣ ಕಾರ್ಯಾಗಾರಗಳಲ್ಲಿ ಸಾಮಾನ್ಯವಾಗಿರುವ ಎರಡು ಬಗೆಯ ಯಂತ್ರಗಳು, ಅಂದರೆ 10.6 ಮೈಕ್ರೋಮೀಟರ್ ತರಂಗಾಂತರದ ಕಾರ್ಬನ್ ಡೈಆಕ್ಸೈಡ್ ಲೇಸರ್ ಮತ್ತು ಸುಮಾರು 450 ನ್ಯಾನೊಮೀಟರ್‌ನ ನೀಲಿ ಡಯೋಡ್ ಲೇಸರ್, ಇಲ್ಲಿನ ವಿವರಣೆಗೆ ಆಧಾರ.

ಪರೀಕ್ಷೆಯನ್ನು ಆರಂಭಿಸುವ ಮುನ್ನ ಎರಡು ಸಿದ್ಧತೆಗಳು ಬೇಕು. ಒಂದು, ಪೆನ್ನಿಗೆ ಬಳಸಿದ ಅದೇ ಮರದ ತುಂಡಿನಿಂದ ಅದೇ ವ್ಯಾಸಕ್ಕೆ ಕಡೆದು, ಅದೇ ಹೊಳಪಿನ ಪದರವನ್ನು ಕೊಟ್ಟ ಒಂದು ಮಾದರಿ ದಿಂಡು. ಚಪ್ಪಟೆ ಹಲಗೆಯ ಮೇಲೆ ಮಾಡಿದ ಪರೀಕ್ಷೆ ದುಂಡಗಿನ ಪೆನ್ನಿನ ವಿಷಯದಲ್ಲಿ ಅರ್ಧ ಮಾತ್ರ ಉತ್ತರ ಕೊಡುತ್ತದೆ. ಎರಡು, ಒಮ್ಮೆಗೆ ಒಂದೇ ಅಂಶವನ್ನು ಬದಲಿಸಿ, ಬದಲಿಸಿದ್ದನ್ನು ದಿಂಡಿನ ಮೇಲೆಯೇ ಪೆನ್ಸಿಲಿನಿಂದ ಬರೆದಿಡುವ ಶಿಸ್ತು. ಫೋಕಸ್, ವೇಗ, ಪವರ್ ಮೂರನ್ನೂ ಒಟ್ಟಿಗೆ ಬದಲಿಸಿ ಸರಿಯಾದ ಫಲಿತಾಂಶ ಪಡೆದವರಿಗೆ ಅದು ಏಕೆ ಸರಿಯಾಯಿತೆಂಬುದು ತಿಳಿದಿರುವುದಿಲ್ಲ, ಮುಂದಿನ ಪೆನ್ನಿಗೆ ಅದು ನೆರವಾಗುವುದೂ ಇಲ್ಲ.

ಒಂದು ಕಡೆ ಗಾಢ, ಮತ್ತೊಂದು ಕಡೆ ಮಸುಕು

ಅಕ್ಷರಗಳ ನಡುಭಾಗ ಚೂಪಾಗಿದ್ದು ಮೇಲಂಚು ಮತ್ತು ಕೆಳಅಂಚು ಅಗಲವಾಗಿ ಮಸುಕಾಗಿದ್ದರೆ, ಪೆನ್ನನ್ನು ತಿರುಗಿಸದೆ ಚಪ್ಪಟೆ ವಸ್ತುವಿನಂತೆ ಕೆತ್ತಲಾಗಿದೆ ಎಂದು ತಿಳಿಯಬಹುದು. ಕಾರಣ ಸರಳ ರೇಖಾಗಣಿತದಲ್ಲಿದೆ. 12 ಮಿಲಿಮೀಟರ್ ವ್ಯಾಸದ ಪೆನ್ನಿನ ಮೇಲೆ 4 ಮಿಲಿಮೀಟರ್ ಎತ್ತರದ ಬರಹವನ್ನು ಕೆತ್ತಿದರೆ, ಬರಹದ ಅಂಚು ಪೆನ್ನಿನ ಶಿಖರಕ್ಕಿಂತ ಸುಮಾರು 0.34 ಮಿಲಿಮೀಟರ್ ಕೆಳಗಿರುತ್ತದೆ; ಇದನ್ನು ಹೆಚ್ಚಿನ ಲೆನ್ಸುಗಳು ಸಹಿಸಿಕೊಳ್ಳುತ್ತವೆ. ಎತ್ತರ 6 ಮಿಲಿಮೀಟರ್ ಆದಾಗ ಇಳಿತ 0.8 ಮಿಲಿಮೀಟರಿಗೆ ಏರುತ್ತದೆ, 8 ಮಿಲಿಮೀಟರ್ ಆದಾಗ 1.5 ಮಿಲಿಮೀಟರನ್ನು ದಾಟುತ್ತದೆ. ಇಷ್ಟು ಇಳಿದ ಜಾಗದಲ್ಲಿ ಕಿರಣ ಹರಡಿಕೊಳ್ಳುವುದು ಮಾತ್ರವಲ್ಲ, ಮರದ ಮೈಗೆ ಓರೆಯಾಗಿಯೂ ಬೀಳುವುದರಿಂದ ಅಕ್ಷರ ಹಿಗ್ಗಿದಂತೆ ಕಾಣುತ್ತದೆ. ಹೀಗಾಗಿ ಕೆತ್ತುವಾಗ ಪೆನ್ನನ್ನು ತಿರುಗಿಸುವ ರೋಟರಿ ಎಂಬ ಸಾಧನ ಇಲ್ಲದವರು ಈ ಗಾತ್ರದ ಪೆನ್ನಿನ ಮೇಲೆ ಒಂದೇ ಸಾಲಿನ, 4 ಮಿಲಿಮೀಟರಿಗೆ ಮೀರದ ಬರಹಕ್ಕೆ ತೃಪ್ತರಾಗುವುದು ಲೇಸು. ಶಿಖರಕ್ಕೆ ಫೋಕಸ್ ಮಾಡುವ ಬದಲು ಶಿಖರ ಮತ್ತು ಅಂಚುಗಳ ನಡುವಿನ ಎತ್ತರಕ್ಕೆ ಫೋಕಸ್ ಮಾಡಿದರೆ ವ್ಯತ್ಯಾಸ ಎರಡೂ ಕಡೆಗೆ ಹಂಚಿಹೋಗುತ್ತದೆ.

ಮಸುಕು ಮೇಲೆ ಕೆಳಗೆ ಅಲ್ಲದೆ ಉದ್ದಕ್ಕೆ ಬದಲಾಗುತ್ತಿದ್ದರೆ, ಅಂದರೆ ಹೆಸರಿನ ಮೊದಲ ಅಕ್ಷರ ಸ್ಪಷ್ಟವಾಗಿದ್ದು ಕೊನೆಯದು ಮಸುಕಾಗಿದ್ದರೆ, ಪೆನ್ನಿನ ಮೈ ಒಂದು ತುದಿಗೆ ಸಪೂರವಾಗಿರಬೇಕು ಅಥವಾ ಅದನ್ನು ಓರೆಯಾಗಿ ಕೂರಿಸಿರಬೇಕು. ಒಂದು ತುದಿಯಲ್ಲಿ 12, ಮತ್ತೊಂದು ತುದಿಯಲ್ಲಿ 9 ಮಿಲಿಮೀಟರ್ ವ್ಯಾಸವಿರುವ ಪೆನ್ನಿನ ಅಕ್ಷವನ್ನು ಸಮತಲವಾಗಿ ಇರಿಸಿದರೆ, ಮೇಲ್ಮೈ ಒಂದೂವರೆ ಮಿಲಿಮೀಟರ್ ಇಳಿಜಾರಾಗಿರುತ್ತದೆ. ಇಲ್ಲಿ ಸಮತಲವಾಗಿರಬೇಕಾದುದು ಅಕ್ಷವಲ್ಲ, ಕೆತ್ತುವ ಮೇಲ್ಮೈ. ಸಪೂರ ತುದಿಯ ಕೆಳಗೆ ತಕ್ಕಷ್ಟು ದಪ್ಪದ ತಗಡನ್ನೋ ರಟ್ಟನ್ನೋ ಕೊಟ್ಟು ಎತ್ತರಿಸಿ, ಲೇಸರ್ ತಲೆಯನ್ನು ಬರಹದ ಎರಡೂ ತುದಿಗಳಿಗೆ ಒಯ್ದು, ಫೋಕಸ್ ಅಳತೆಯ ತುಂಡಿನಿಂದ ಎರಡೂ ಕಡೆ ಅಂತರವನ್ನು ಪರಿಶೀಲಿಸಬೇಕು.

ಮೂರನೆಯ ಸಾಧ್ಯತೆಯೂ ಇದೆ. ಗಾಢ ಮತ್ತು ಮಸುಕು ಪಟ್ಟೆಪಟ್ಟೆಯಾಗಿ, ಮರದ ಎಳೆಗಳನ್ನೇ ಅನುಸರಿಸಿ ಬಂದಿದ್ದರೆ ಅದು ಯಂತ್ರದ ದೋಷವಲ್ಲ. ತೇಗದಂತಹ ಮರದಲ್ಲಿ ವಾರ್ಷಿಕ ಉಂಗುರದ ಮೆದು ಭಾಗ ಬೇಗ ಸುಟ್ಟು ಆಳವಾಗುತ್ತದೆ, ಗಟ್ಟಿ ಭಾಗ ಎತ್ತರವಾಗಿ ಉಳಿಯುತ್ತದೆ. ಇದನ್ನು ಯಾವ ಹೊಂದಾಣಿಕೆಯೂ ಪೂರ್ತಿ ಅಳಿಸಲಾರದು. ತೆಳು ಗೆರೆಯ ಚಿತ್ರವನ್ನು ಬಿಟ್ಟು ದಪ್ಪ ಅಕ್ಷರವನ್ನು ಆರಿಸುವುದೇ ಪರಿಹಾರ. ನುಣುಪಾದ, ಒಂದೇ ಸಮನಾದ ಎಳೆಯಿರುವ, ತಿಳಿ ಬಣ್ಣದ ಮರದಲ್ಲಿ ಈ ತೊಂದರೆ ಬಹಳ ಕಡಿಮೆ. ಚನ್ನಪಟ್ಟಣದ ಕುಶಲಕರ್ಮಿಗಳು ಆಟಿಕೆಗಳಿಗೆ ಬಳಸುತ್ತ ಬಂದಿರುವ ಆಲೆ ಮರ ಅಂತಹುದು, ಮತ್ತು ನನ್ನ ಅಭಿಪ್ರಾಯದಲ್ಲಿ ಕೆತ್ತನೆಯ ಪೆನ್ನಿಗೆ ನಮ್ಮ ಕಡೆ ಸಿಗುವ ಮರಗಳಲ್ಲಿ ಅದಕ್ಕೆ ಸಾಟಿಯಾದದ್ದು ವಿರಳ. ಬೀಟೆಯ ಸಮಸ್ಯೆ ಬೇರೆ: ಗುರುತು ಚೂಪಾಗಿಯೇ ಬಿದ್ದಿರುತ್ತದೆ, ಆದರೆ ಗಾಢ ಕಂದು ಮರದ ಮೇಲೆ ಗಾಢ ಕಂದು ಗುರುತು ಕಣ್ಣಿಗೆ ಕಾಣುವುದಿಲ್ಲ. ಇಲ್ಲಿ ಪವರ್ ಏರಿಸುವುದರಿಂದ ಆಳ ಹೆಚ್ಚುತ್ತದೆಯೇ ಹೊರತು ಬಣ್ಣದ ವ್ಯತ್ಯಾಸ ಹೆಚ್ಚುವುದಿಲ್ಲ. ಕೆತ್ತಿದ ಗುಳಿಗೆ ತಿಳಿ ಬಣ್ಣವನ್ನೋ ಬಣ್ಣ ಬೆರೆಸಿದ ಮೇಣವನ್ನೋ ತುಂಬಬೇಕು.

ಎಲ್ಲ ಕಡೆಯೂ ಒಂದೇ ಸಮನೆ ಮಸುಕು

ಇಡೀ ಬರಹ ಸಮನಾಗಿ ಮಸುಕಾಗಿದ್ದರೆ, ಅದು ಯಾವಾಗಿನಿಂದ ಹಾಗಾಯಿತು ಎಂಬುದೇ ಮೊದಲ ಪ್ರಶ್ನೆ. ಒಮ್ಮೆಲೇ ಹಾಗಾದರೆ ಫೋಕಸ್ ತಪ್ಪಿದೆ. ಒಂದು ಚಪ್ಪಟೆ ಹಲಗೆಯನ್ನು ಓರೆಯಾಗಿ ಇಟ್ಟು, ಇಳಿಜಾರಿನ ಉದ್ದಕ್ಕೂ ಒಂದು ಗೆರೆಯನ್ನು ಎಳೆದು, ಗೆರೆ ಅತಿ ಸಪೂರವಾಗಿರುವ ಜಾಗದ ಎತ್ತರವನ್ನು ಅಳೆದರೆ ಸರಿಯಾದ ಫೋಕಸ್ ದೂರ ಸಿಗುತ್ತದೆ. ವಾರಗಳ ಕಾಲ ಸ್ವಲ್ಪ ಸ್ವಲ್ಪವಾಗಿ ಮಸುಕಾಗುತ್ತ ಬಂದಿದ್ದರೆ ಲೆನ್ಸು ಮತ್ತು ಕನ್ನಡಿಗಳ ಮೇಲೆ ಹೊಗೆಯ ಜಿಡ್ಡು ಕೂತಿದೆ. ಎಣ್ಣೆಯ ಅಂಶವಿರುವ ತೇಗದಂತಹ ಮರಗಳನ್ನು ಹೆಚ್ಚು ಕೆತ್ತುವವರಲ್ಲಿ ಇದು ಬೇಗ ಆಗುತ್ತದೆ. ಲೆನ್ಸು ಒರೆಸುವ ಕಾಗದಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒತ್ತಡವಿಲ್ಲದೆ ಒರೆಸಬೇಕು. ಕಾರ್ಬನ್ ಡೈಆಕ್ಸೈಡ್ ಯಂತ್ರದ ಲೆನ್ಸು ಸಾಮಾನ್ಯವಾಗಿ ಜಿಂಕ್ ಸೆಲೆನೈಡಿನದು, ಅದು ಒಡೆದರೆ ಚೂರುಗಳು ಮತ್ತು ಪುಡಿ ವಿಷಕಾರಿ ಎಂಬುದನ್ನು ಮರೆಯಬಾರದು.

ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಮಸುಕಾಗುವ ಯಂತ್ರವಿದ್ದರೆ, ಗಾಜಿನ ಟ್ಯೂಬನ್ನು ತಂಪಾಗಿಸುವ ನೀರಿನ ಉಷ್ಣತೆಯನ್ನು ಅಳೆಯಬೇಕು. ನೀರು ಬಿಸಿಯಾದಷ್ಟೂ ಟ್ಯೂಬಿನ ಹೊರಸೂಸುವಿಕೆ ಕುಗ್ಗುತ್ತದೆ, ಟ್ಯೂಬಿನ ಆಯುಷ್ಯವೂ ಕುಗ್ಗುತ್ತದೆ. ಬಕೆಟ್ಟಿನ ನೀರನ್ನೇ ಪಂಪಿನಿಂದ ಸುತ್ತಿಸುವ ಕಡೆ ಬೇಸಿಗೆಯ ತಿಂಗಳುಗಳಲ್ಲಿ ಈ ದೋಷ ಎದ್ದು ಕಾಣುತ್ತದೆ. ಇನ್ನೊಂದು ವಿಚಿತ್ರ ಲಕ್ಷಣವೆಂದರೆ ಗೆರೆ ಮಸುಕಾಗುವುದರ ಜೊತೆಗೆ ಚುಕ್ಕಿಚುಕ್ಕಿಯಾಗಿ ತುಂಡಾಗುವುದು. ಗಾಜಿನ ಟ್ಯೂಬುಗಳು ಸುಮಾರು ಶೇಕಡಾ 10ಕ್ಕಿಂತ ಕಡಿಮೆ ಪವರಿನಲ್ಲಿ ಸ್ಥಿರವಾಗಿ ಉರಿಯುವುದಿಲ್ಲ. ನವಿರಾದ ಕೆತ್ತನೆ ಬೇಕೆಂದು ಪವರನ್ನು ಅಲ್ಲಿಗೆ ಇಳಿಸುವ ಬದಲು, ಪವರನ್ನು 12 ಅಥವಾ 15ಕ್ಕೆ ಇರಿಸಿ ವೇಗವನ್ನು ಹೆಚ್ಚಿಸಬೇಕು.

ಅಕ್ಷರ ಹಿಗ್ಗುವುದು, ಕುಗ್ಗುವುದು, ಜಾರುವುದು

ರೋಟರಿಯಲ್ಲಿ ತಿರುಗಿಸಿ ಕೆತ್ತಿದಾಗ ವೃತ್ತ ಮೊಟ್ಟೆಯಂತಾದರೆ, ಮಾದರಿ ದಿಂಡಿಗೆ ಕಾಗದದ ಮಾಸ್ಕಿಂಗ್ ಟೇಪ್ ಸುತ್ತಿ, ಅದರ ಮೇಲೆ 10 ಮಿಲಿಮೀಟರ್ ಬದಿಯ ಚೌಕವೊಂದನ್ನು ಕಡಿಮೆ ಪವರಿನಲ್ಲಿ ಎಳೆದು, ಟೇಪನ್ನು ಬಿಡಿಸಿ ಚಪ್ಪಟೆಯಾಗಿ ಅಂಟಿಸಿ ಅಳೆಯಬೇಕು. ಉದ್ದದ ಬದಿ ಸರಿಯಿದ್ದು ಸುತ್ತಳತೆಯ ಬದಿ ತಪ್ಪಿದ್ದರೆ ದೋಷ ರೋಟರಿಯ ಲೆಕ್ಕದಲ್ಲಿದೆ. ಮುಂದಿನ ಹೆಜ್ಜೆ ರೋಟರಿ ಯಾವ ಬಗೆಯದು ಎಂಬುದನ್ನು ಅವಲಂಬಿಸುತ್ತದೆ.

ಪೆನ್ನನ್ನು ತುದಿಯಲ್ಲಿ ಬಿಗಿಯಾಗಿ ಹಿಡಿದು ತಿರುಗಿಸುವ ಚಕ್ ಬಗೆಯ ರೋಟರಿಯಲ್ಲಿ ಪೆನ್ನಿನ ವ್ಯಾಸವನ್ನು ತಂತ್ರಾಂಶಕ್ಕೆ ನಿಖರವಾಗಿ ಕೊಡಲೇಬೇಕು. 12 ಮಿಲಿಮೀಟರಿನ ಪೆನ್ನಿನ ಸುತ್ತಳತೆ 37.7 ಮಿಲಿಮೀಟರ್. ವ್ಯಾಸವನ್ನು ತಪ್ಪಾಗಿ 14 ಎಂದು ಕೊಟ್ಟರೆ ತಂತ್ರಾಂಶ ಸುತ್ತಳತೆಯನ್ನು 44 ಎಂದು ಭಾವಿಸಿ ಪೆನ್ನನ್ನು ಕಡಿಮೆ ತಿರುಗಿಸುತ್ತದೆ, 10 ಮಿಲಿಮೀಟರಿನ ಬದಿ ಸುಮಾರು 8.6ಕ್ಕೆ ಕುಗ್ಗುತ್ತದೆ. ವ್ಯಾಸವನ್ನು ಕಡಿಮೆ ಕೊಟ್ಟರೆ ಹಿಗ್ಗುತ್ತದೆ. ವ್ಯಾಸ ಸರಿಯಿದ್ದೂ ಅಳತೆ ತಪ್ಪಿದರೆ, ಒಂದು ಸುತ್ತಿಗೆ ಬೇಕಾದ ಹೆಜ್ಜೆಗಳ ಸಂಖ್ಯೆಯನ್ನು ನೋಡಬೇಕು: ಸುತ್ತಿಗೆ 200 ಹೆಜ್ಜೆಯ ಮೋಟಾರಿನ ಪ್ರತಿ ಹೆಜ್ಜೆಯನ್ನು ಅದನ್ನು ನಡೆಸುವ ಡ್ರೈವರಿನಲ್ಲಿ 16 ಭಾಗವಾಗಿಸಿದ್ದರೆ ಸಂಖ್ಯೆ 3200, ನಡುವೆ ಎರಡಕ್ಕೊಂದರ ಪುಲ್ಲಿ ಇದ್ದರೆ 6400. ಸಪೂರವಾಗುತ್ತ ಹೋಗುವ ಪೆನ್ನಿಗೆ ಒಂದೇ ಸರಿಯಾದ ವ್ಯಾಸ ಎಂಬುದಿಲ್ಲ. ತುದಿಯಿಂದ ತುದಿಗೆ 12ರಿಂದ 9ಕ್ಕೆ ಇಳಿಯುವ ಪೆನ್ನಿನಲ್ಲಿ, ದಪ್ಪ ತುದಿಗೆ ಹೋಲಿಸಿದರೆ ಸಪೂರ ತುದಿಯ ಅಕ್ಷರದ ಎತ್ತರ ಮುಕ್ಕಾಲಿಗೆ ಇಳಿಯುತ್ತದೆ. ಬರಹ ಬೀಳುವ ಭಾಗದ ನಟ್ಟನಡುವಿನ ವ್ಯಾಸವನ್ನು ಕೊಡುವುದು ಒಳ್ಳೆಯ ರಾಜಿ.

ಪೆನ್ನನ್ನು ತಿರುಗುವ ಉರುಳೆಗಳ ಮೇಲೆ ಇರಿಸುವ ರೋಲರ್ ಬಗೆಯಲ್ಲಿ ಲೆಕ್ಕ ಬೇರೆ. ಅಲ್ಲಿ ಪೆನ್ನಿನ ಮೇಲ್ಮೈ ರೋಲರಿನ ಮೇಲ್ಮೈಯಷ್ಟೇ ದೂರ ಚಲಿಸುವುದರಿಂದ ಮುಖ್ಯವಾದುದು ರೋಲರಿನ ವ್ಯಾಸ, ಪೆನ್ನಿನದಲ್ಲ. ಇಲ್ಲಿ ದೋಷ ಬರುವುದು ಹೆಚ್ಚಾಗಿ ಜಾರುವಿಕೆಯಿಂದ. ಮರದ ಪೆನ್ನಿಗೆ ತೂಕವಿಲ್ಲ, ಹೊಳಪು ಕೊಟ್ಟ ಮೈ ನುಣುಪು. ಯಂತ್ರ ದಿಕ್ಕು ಬದಲಿಸುವಾಗ ರೋಲರ್ ತಿರುಗಿದರೂ ಪೆನ್ನು ನಿಂತಲ್ಲೇ ನಿಲ್ಲುತ್ತದೆ. ಹಿಗ್ಗುವಿಕೆ ಇಡೀ ಚಿತ್ರದಲ್ಲಿ ಸಮನಾಗಿದ್ದರೆ ಲೆಕ್ಕದ ತಪ್ಪು, ಒಂದು ಕಡೆ ಮಾತ್ರ ಸಾಲುಗಳು ಒತ್ತೊತ್ತಾಗಿದ್ದರೆ ಜಾರುವಿಕೆ. ಇವೆರಡನ್ನು ಬೇರ್ಪಡಿಸಲು ಇದಕ್ಕಿಂತ ಖಚಿತವಾದ ಗುರುತಿಲ್ಲ. ಪೆನ್ನಿನ ಮರದೊಳಗೆ ಅಂಟಿಸಿರುವ ಹಿತ್ತಾಳೆ ಕೊಳವೆಯೊಳಗೆ ತೂಕದ ಸರಳನ್ನು ಸೇರಿಸಿದರೆ ಜಾರುವಿಕೆ ತಗ್ಗುತ್ತದೆ. ಆದರೆ ಒಂದು ತುದಿಗೆ ಸಪೂರವಾಗುವ ಪೆನ್ನು ರೋಲರಿನ ಮೇಲೆ ತಿರುಗುತ್ತ ಪಕ್ಕಕ್ಕೂ ಸರಿಯುವುದರಿಂದ, ಪೆನ್ನುಗಳನ್ನೇ ಹೆಚ್ಚಾಗಿ ಕೆತ್ತುವವರು ಚಕ್ ಬಗೆಯನ್ನೇ ಕೊಳ್ಳಬೇಕೆಂದು ನಾನು ಒತ್ತಾಯಿಸುತ್ತೇನೆ. ಬಿಡಿಭಾಗಗಳನ್ನು ಜೋಡಿಸುವ ಮೊದಲೇ, ಲೇತಿನಲ್ಲಿ ಮರವನ್ನು ಹಿಡಿದಿಡುವ ಸರಳಾದ ಮ್ಯಾಂಡ್ರೆಲ್ ಮತ್ತು ಬುಷ್‌ಗಳ ಸಮೇತ ಪೆನ್ನಿನ ಮೈಯನ್ನು ಚಕ್ಕಿಗೆ ಹಿಡಿಸಿದರೆ ಅಕ್ಷ ತಪ್ಪುವ ಭಯವೂ ಇರುವುದಿಲ್ಲ.

ಅಕ್ಷರದ ಲಂಬ ಗೆರೆಗಳು ಗರಗಸದ ಹಲ್ಲಿನಂತೆ ಒಂದು ಸಾಲು ಬಿಟ್ಟು ಒಂದು ಸಾಲು ಸರಿದಿದ್ದರೆ ರೋಟರಿಯನ್ನು ದೂರಬೇಕಾಗಿಲ್ಲ. ತಲೆ ಹೋಗುವಾಗ ಮತ್ತು ಬರುವಾಗ ಎರಡೂ ಬಾರಿ ಕೆತ್ತುವ ಕ್ರಮದಲ್ಲಿ ಬೆಲ್ಟ್ ಸಡಿಲವಾಗಿದ್ದರೆ ಅಥವಾ ಹೋಗುವ, ಬರುವ ಸಾಲುಗಳನ್ನು ಒಂದಕ್ಕೊಂದು ಸರಿದೂಗಿಸುವ ಸ್ಕ್ಯಾನಿಂಗ್ ಆಫ್‌ಸೆಟ್ ಹೊಂದಿಸಿರದಿದ್ದರೆ ಹೀಗಾಗುತ್ತದೆ. ಒಂದೇ ದಿಕ್ಕಿನಲ್ಲಿ ಕೆತ್ತಿ ನೋಡಿದಾಗ ದೋಷ ಮಾಯವಾದರೆ ಕಾರಣ ಖಚಿತವಾದಂತೆ.

ಕಂದು ಛಾಯೆ, ಮಸಿ, ಗುಳ್ಳೆ

ಅಕ್ಷರದ ಸುತ್ತ ಕಂದು ಛಾಯೆ ಕಂಡಾಗ ಅದು ಹೊಗೆಯ ಕಲೆಯೋ ಮರದ ಸುಡುವಿಕೆಯೋ ಎಂಬುದನ್ನು ಮೊದಲು ನಿರ್ಧರಿಸಬೇಕು. ಸ್ವಲ್ಪ ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿದಾಗ ಹೋದರೆ ಹೊಗೆ, ಹೋಗದಿದ್ದರೆ ಸುಟ್ಟ ಮರ. (ಶೆಲ್ಯಾಕ್ ಅಥವಾ ಅರಗಿನ ಹೊಳಪಿರುವ ಪೆನ್ನಿಗೆ ಈ ಪರೀಕ್ಷೆಯನ್ನು ಮಾಡಲೇಬಾರದು, ಏಕೆಂದರೆ ಸ್ಪಿರಿಟ್ ಆ ಪದರವನ್ನೇ ಕರಗಿಸುತ್ತದೆ.) ಹೊಗೆಯ ಕಲೆಗೆ ಮಾಸ್ಕಿಂಗ್ ಟೇಪನ್ನು ಗುಳ್ಳೆಯಿಲ್ಲದಂತೆ ಅಂಟಿಸಿ ಅದರ ಮೇಲಿಂದಲೇ ಕೆತ್ತುವುದು ಸುಲಭ ಪರಿಹಾರ. ಸುಟ್ಟ ಅಂಚಿಗೆ ನಿಧಾನ ವೇಗ ಕಾರಣವಾಗಿರುತ್ತದೆ. ಅಕ್ಷರದ ಎಡ ಮತ್ತು ಬಲ ತುದಿಗಳು ಮಾತ್ರ ಕಪ್ಪಾಗಿದ್ದರೆ, ತಲೆ ನಿಂತು ದಿಕ್ಕು ಬದಲಿಸುವ ಜಾಗದಲ್ಲಿ ಕಿರಣ ಇನ್ನೂ ಉರಿಯುತ್ತಿದೆ ಎಂದರ್ಥ, ಅಕ್ಷರದ ಅಂಚನ್ನು ದಾಟಿ ತಲೆ ಸಾಗುವ ದೂರವಾದ ಓವರ್‌ಸ್ಕ್ಯಾನ್ ಹೆಚ್ಚಿಸಬೇಕು.

ಹೊಳಪಿನ ಪದರ ಗುಳ್ಳೆಯೆದ್ದು ಅಂಚು ಬೆಳ್ಳಗಾಗುವ ದೋಷ ಹೆಚ್ಚು ಗಮನಕ್ಕೆ ಅರ್ಹವಾದುದು, ಏಕೆಂದರೆ ಎರಡು ಬಗೆಯ ಲೇಸರ್‌ಗಳು ಇಲ್ಲಿ ತೀರ ಬೇರೆಯಾಗಿ ವರ್ತಿಸುತ್ತವೆ. ಕಾರ್ಬನ್ ಡೈಆಕ್ಸೈಡ್ ಕಿರಣವನ್ನು ಪಾರದರ್ಶಕ ಪದರವೂ ಹೀರಿಕೊಳ್ಳುತ್ತದೆ. ಪದರ ಮೊದಲು ಆವಿಯಾಗಿ, ಆಮೇಲೆ ಮರ ಸುಡುತ್ತದೆ, ಅಂಚು ಸಾಕಷ್ಟು ಶುಭ್ರವಾಗಿರುತ್ತದೆ. ನೀಲಿ ಡಯೋಡಿನ ಬೆಳಕು ಪಾರದರ್ಶಕ ಪದರವನ್ನು ಹಾಗೆಯೇ ಹಾದು ಕೆಳಗಿನ ಮರವನ್ನು ಸುಡುತ್ತದೆ, ಅಲ್ಲಿ ಹುಟ್ಟಿದ ಅನಿಲಕ್ಕೆ ಹೊರಹೋಗಲು ದಾರಿಯಿಲ್ಲದೆ ಪದರವನ್ನು ಒಳಗಿನಿಂದ ಎಬ್ಬಿಸುತ್ತದೆ. ಆದುದರಿಂದ ಡಯೋಡ್ ಯಂತ್ರವಿರುವವರು ಸೂಪರ್ ಗ್ಲೂ ಪದರ ಕೊಟ್ಟ ಪೆನ್ನಿನ ಮೇಲೆ ಗುಳ್ಳೆ ಕಂಡಾಗ ಪವರ್, ವೇಗಗಳೊಡನೆ ಹೆಣಗದೆ ಕೆಲಸದ ಕ್ರಮವನ್ನೇ ಬದಲಿಸಬೇಕು: ಉಜ್ಜಿದ ಮರಕ್ಕೆ ಅದರ ರಂಧ್ರಗಳನ್ನು ಮುಚ್ಚುವ ತೆಳುವಾದ ಸೀಲರ್, ಅನಂತರ ಕೆತ್ತನೆ, ಕೊನೆಗೆ ಹೊಳಪಿನ ಪದರ. ಸೂಪರ್ ಗ್ಲೂ ಸುಟ್ಟಾಗ ಬರುವ ಹೊಗೆ ಕಣ್ಣು ಮತ್ತು ಗಂಟಲನ್ನು ತೀವ್ರವಾಗಿ ಉರಿಸುವುದರಿಂದ, ಯಾವ ಯಂತ್ರವಾದರೂ ಹೊಗೆಯನ್ನು ಹೊರಕ್ಕೆ ಎಳೆಯುವ ಫ್ಯಾನ್ ಇಲ್ಲದೆ ಆ ಕೆಲಸಕ್ಕೆ ಕೈಹಾಕಬಾರದು.

ಅರಗಿನ ಬಣ್ಣ ಹಚ್ಚಿದ ಚನ್ನಪಟ್ಟಣ ಶೈಲಿಯ ಪೆನ್ನಿಗೆ ಇನ್ನೂ ಎಚ್ಚರ ಬೇಕು. ಆ ಬಣ್ಣ ಮರದ ಮೇಲೆ ಕೂರುವುದೇ ಲೇತಿನಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಹುಟ್ಟುವ ಘರ್ಷಣೆಯ ಬಿಸಿಯಿಂದ. ಅಷ್ಟು ಬಿಸಿಗೆ ಮೆದುವಾಗುವ ಪದರ ಲೇಸರ್ ತಾಗಿದಾಗ ಕರಗಿ ಅಕ್ಷರದ ಅಂಚಿಗೆ ದಿಣ್ಣೆಯಂತೆ ಕಟ್ಟಿಕೊಳ್ಳುವುದು ಸಹಜ. ಒಂದೇ ಬಾರಿಗೆ ಆಳಕ್ಕೆ ಕೆತ್ತುವ ಬದಲು, ಹೆಚ್ಚಿನ ವೇಗದಲ್ಲಿ ಎರಡು ಮೂರು ಬಾರಿ, ಪ್ರತಿ ಬಾರಿಯ ನಡುವೆ ಪೆನ್ನು ತಣಿಯಲು ಬಿಟ್ಟು ಕೆತ್ತಿದರೆ ದಿಣ್ಣೆ ಬಹಳ ಕಡಿಮೆಯಾಗುತ್ತದೆ. ಉಳಿದುದನ್ನು ಮತ್ತೆ ಲೇತಿಗೆ ಏರಿಸಿ ಕೇದಗೆಯ ಗರಿಯಿಂದ ಹಗುರವಾಗಿ ಒತ್ತಿ ಸಮ ಮಾಡಬಹುದು, ಆದರೆ ಒತ್ತಡ ಹೆಚ್ಚಾದರೆ ಬಣ್ಣ ಅಕ್ಷರದೊಳಕ್ಕೇ ಹರಿಯುತ್ತದೆ.

ಕನ್ನಡ ಬರಹಕ್ಕೇ ವಿಶಿಷ್ಟವಾದ ದೋಷಗಳು

ಒತ್ತಕ್ಷರಗಳು ಮುಖ್ಯ ಅಕ್ಷರದ ಕೆಳಗೆ ಕೂರದೆ ಪಕ್ಕಕ್ಕೆ ಬಿದ್ದಿದ್ದರೆ, ಲೇಸರ್ ತಂತ್ರಾಂಶಕ್ಕೆ ಕನ್ನಡವನ್ನು ಜೋಡಿಸಲು ಬರುತ್ತಿಲ್ಲ. ಬರಹವನ್ನು ಅಲ್ಲಿ ಟೈಪ್ ಮಾಡದೆ, ಇಂಕ್‌ಸ್ಕೇಪಿನಂತಹ ತಂತ್ರಾಂಶದಲ್ಲಿ ಯೂನಿಕೋಡ್ ಅಕ್ಷರಶೈಲಿಯಲ್ಲಿ ಬರೆದು, ಅಕ್ಷರಗಳನ್ನು ಪಾತ್ ಆಗಿ, ಅಂದರೆ ಬರೀ ಗೆರೆಗಳ ಆಕೃತಿಯಾಗಿ ಪರಿವರ್ತಿಸಿ, ಎಸ್‌ವಿಜಿ ಕಡತವಾಗಿ ಒಯ್ಯಬೇಕು. ‘ನುಡಿ’ ಅಥವಾ ‘ಬರಹ’ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಗಳಲ್ಲಿ ಗ್ರಾಹಕರು ಕಳುಹಿಸಿದ ಕಡತವು ಲ್ಯಾಟಿನ್ ಅಕ್ಷರಗಳ ಗೋಜಲಾಗಿ ಕಂಡರೂ ಕಾರಣ ಇದೇ ಜಾತಿಯದು. ಅದೇ ಅಕ್ಷರಶೈಲಿ ಇರುವ ಗಣಕದಲ್ಲಿ ತೆರೆದು ಪಾತ್ ಮಾಡಿಸಿಕೊಳ್ಳಬೇಕು.

ಇದಕ್ಕಿಂತ ಸೂಕ್ಷ್ಮವಾದ ದೋಷವೊಂದಿದೆ. ಅಕ್ಷರ ಪೂರ್ತಿ ತುಂಬಿ ಕೆತ್ತಿದ್ದರೂ, ಗುಣಿತದ ಚಿಹ್ನೆಯೋ ಒತ್ತೋ ಮುಖ್ಯ ಅಕ್ಷರವನ್ನು ತಾಗುವ ಜಾಗದಲ್ಲಿ ಮಾತ್ರ ಪುಟ್ಟ ಭಾಗ ಕೆತ್ತದೆ ಉಳಿದಿರುತ್ತದೆ. ಅನೇಕರು ಇದನ್ನು ಕಿರಣ ತಪ್ಪಿದ ಲಕ್ಷಣವೆಂದು ಬಗೆದು ಯಂತ್ರವನ್ನು ಬಿಚ್ಚುತ್ತಾರೆ. ನಿಜವಾಗಿ ಅಲ್ಲಿ ಎರಡು ಆಕೃತಿಗಳು ಒಂದರ ಮೇಲೊಂದು ಬಿದ್ದಿವೆ. ಒಂದರ ಮೇಲೊಂದು ಬಿದ್ದ ಭಾಗವನ್ನು ತಂತ್ರಾಂಶ ರಂಧ್ರವೆಂದು ಪರಿಗಣಿಸಿ ಖಾಲಿ ಬಿಡುತ್ತದೆ. ಪಾತ್ ಮಾಡಿದ ಮೇಲೆ ಯೂನಿಯನ್ ಆಜ್ಞೆಯಿಂದ ಎಲ್ಲ ತುಣುಕುಗಳನ್ನು ಒಂದೇ ಆಕೃತಿಯಾಗಿ ಬೆಸೆದರೆ ದೋಷ ಪೂರ್ತಿ ಹೋಗುತ್ತದೆ.

ಸಣ್ಣ ಗಾತ್ರದಲ್ಲಿ ಅಕ್ಷರದ ಹೊಟ್ಟೆಗಳು ತುಂಬಿಹೋಗುವುದು ಮೂರನೆಯದು. ‘ಲಕ್ಷ್ಮಿ’, ‘ರಾಷ್ಟ್ರ’ದಂತಹ ಪದಗಳಲ್ಲಿ ಒತ್ತುಗಳು ಕೆಳಗಿಳಿಯುವುದರಿಂದ, ಒಟ್ಟು ಎತ್ತರ 4 ಮಿಲಿಮೀಟರ್ ಇದ್ದರೂ ಒತ್ತಿನ ಪಾಲಿಗೆ ಉಳಿಯುವುದು ಒಂದು ಚಿಲ್ಲರೆ ಮಿಲಿಮೀಟರ್ ಮಾತ್ರ. ಕಿರಣದ ಬಿಂದುವೇ ಸುಮಾರು 0.1ರಿಂದ 0.2 ಮಿಲಿಮೀಟರ್ ಇರುವಾಗ ಅಲ್ಲಿನ ಸಂದುಗಳು ಮುಚ್ಚಿಹೋಗುತ್ತವೆ. ತೆಳು ತೂಕದ ಅಕ್ಷರಶೈಲಿಯನ್ನು ಆರಿಸಿ, ರೋಟರಿಯ ನೆರವಿನಿಂದ ಒಟ್ಟು ಎತ್ತರವನ್ನು 6 ಮಿಲಿಮೀಟರಿಗೆ ಏರಿಸುವುದು ಒಳ್ಳೆಯದು. ಹೆಸರು ಓದಲು ಬಾರದ ಪೆನ್ನು ಎಷ್ಟು ಚೆಂದ ಕಡೆದಿದ್ದರೂ ಪಡೆದವರಿಗೆ ನೋವನ್ನೇ ಕೊಡುತ್ತದೆ.

ತುಂಬಿದ ಬಣ್ಣ ಹರಡುವುದು

ಗುಳಿಗೆ ತುಂಬಿದ ಬಣ್ಣ ಎಳೆಗುಂಟ ಕೂದಲಿನಂತೆ ಹರಿದಿದ್ದರೆ ಕೆತ್ತುವ ಮೊದಲು ಮರವನ್ನು ಸೀಲ್ ಮಾಡಿರಲಿಲ್ಲ ಎಂದರ್ಥ. ಮರದ ತೆರೆದ ರಂಧ್ರಗಳು ತೆಳುವಾದ ಬಣ್ಣವನ್ನು ಹೀರಿಕೊಂಡಿವೆ. ಸೀಲ್ ಮಾಡಿ ಕೆತ್ತಿ, ಗುಳಿಗೂ ಒಂದು ತೆಳು ಸೀಲರ್ ಕೊಟ್ಟು, ಮಂದವಾದ ಬಣ್ಣವನ್ನು ತುಂಬಿ, ಒಣಗಿದ ಮೇಲೆ 600ರ ಉಪ್ಪುಕಾಗದದಿಂದ ಮೇಲ್ಪದರವನ್ನು ತೆಗೆಯಬೇಕು. ಬಣ್ಣ ತುಂಬದ ಪೆನ್ನಿನಲ್ಲಿಯೂ ಹೊಳಪು ಹಚ್ಚುವಾಗ ಗುಳಿಯ ಮಸಿ ತಿಳಿ ಮರಕ್ಕೆ ಬಳಿದುಕೊಳ್ಳಬಹುದು. ಮೆದು ಬ್ರಷ್ಷಿನಿಂದ ಮಸಿಯನ್ನು ಮೊದಲೇ ತೆಗೆದು, ಮೊದಲ ಪದರವನ್ನು ಉಜ್ಜದೆ ಸಿಂಪಡಿಸಿದರೆ ಸಾಕು.

ಸೀಳು

ಸೀಳನ್ನು ಕಂಡ ಕೂಡಲೇ ಲೇಸರಿನ ಮೇಲೆ ಆರೋಪ ಹೊರಿಸುವ ಮೊದಲು ಅದು ಎಲ್ಲಿಂದ ಆರಂಭವಾಗಿದೆ ಎಂದು ಭೂತಗನ್ನಡಿಯಲ್ಲಿ ನೋಡಬೇಕು. ಅಕ್ಷರದ ಮೂಲೆಯಿಂದ ಹೊರಟ ಸೀಳಾದರೆ ಆ ಜಾಗದಲ್ಲಿ ಮರ ತೆಳುವಾಗಿದೆ. 7 ಮಿಲಿಮೀಟರ್ ಕೊಳವೆಯ ಸಪೂರ ಪೆನ್ನುಗಳ ತುದಿಯಲ್ಲಿ ಹಿತ್ತಾಳೆಯ ಮೇಲೆ ಉಳಿಯುವ ಮರದ ದಪ್ಪ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಅಲ್ಲಿ ಆಳಕ್ಕೆ ಕೆತ್ತಿದರೆ ಹಿತ್ತಾಳೆ ಹೊರಬೀಳುತ್ತದೆ. ಕಾರ್ಬನ್ ಡೈಆಕ್ಸೈಡ್ ಕಿರಣವನ್ನು ಹಿತ್ತಾಳೆ ಬಹುಪಾಲು ಪ್ರತಿಫಲಿಸುವುದರಿಂದ ಲೋಹಕ್ಕೆ ಏನೂ ಆಗದಿದ್ದರೂ, ಸುತ್ತಲಿನ ಅಂಟು ಬಿಸಿಯಾಗಿ ಬಿಟ್ಟುಕೊಳ್ಳುತ್ತದೆ, ಆಧಾರ ತಪ್ಪಿದ ಮರ ಬಿರಿಯುತ್ತದೆ. ಬೆರಳಿನ ಉಗುರಿನಿಂದ ತಟ್ಟಿ ನೋಡಿದಾಗ ಟೊಳ್ಳು ಸದ್ದು ಬರುವ ಜಾಗದಲ್ಲಿ ಅಂಟು ಮೊದಲೇ ಕೂಡಿರಲಿಲ್ಲ ಎಂದು ತಿಳಿಯಬೇಕು, ಅಲ್ಲಿ ಕೆತ್ತಲೇಬಾರದು. ಬರಹವನ್ನು ಮರ ದಪ್ಪವಾಗಿರುವ ನಡುಭಾಗಕ್ಕೆ ಸರಿಸಬೇಕು.

ಸೀಳು ಅಕ್ಷರಕ್ಕೆ ಸಂಬಂಧವಿಲ್ಲದೆ, ತುದಿಯಿಂದ ಎಳೆಗುಂಟ ನೇರವಾಗಿ ಸಾಗಿದ್ದರೆ ಕಾರಣ ಮರದ ತೇವಾಂಶ. ಕುಗ್ಗುವ ಮರ ಕುಗ್ಗದ ಹಿತ್ತಾಳೆಯನ್ನು ಬಿಗಿಯಾಗಿ ಅಪ್ಪಿಕೊಂಡಿರುವುದರಿಂದ, ಒಣಗುವಾಗಿನ ಸೆಳೆತಕ್ಕೆ ಅದು ಎಳೆಯ ದಿಕ್ಕಿನಲ್ಲಿ ಬಿಚ್ಚಿಕೊಳ್ಳುತ್ತದೆ. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಕಡೆದ ಪೆನ್ನು ಬೇಸಿಗೆಯಲ್ಲಿ ಬಳ್ಳಾರಿಯನ್ನೋ ಕಲಬುರಗಿಯನ್ನೋ ತಲುಪಿದಾಗ ಹೀಗೆ ಬಿರಿದರೆ ಆಶ್ಚರ್ಯವಿಲ್ಲ. ಪೆನ್ನಿನ ಅಳತೆಗೆ ಕೊಯ್ದ ಚೌಕ ತುಂಡುಗಳನ್ನು ತೂಗಿ, ತುಂಡಿನ ಮೇಲೆಯೇ ತೂಕ ಬರೆದು, ನೆರಳಿನಲ್ಲಿ ಒಣಗಲು ಬಿಡಬೇಕು. ಒಂದೆರಡು ವಾರಗಳ ಅಂತರದಲ್ಲಿ ತೂಗಿದಾಗ ತೂಕ ಇಳಿಯುವುದು ನಿಂತಿದ್ದರೆ ಮಾತ್ರ ಅದಕ್ಕೆ ರಂಧ್ರ ಕೊರೆದು ಕೊಳವೆ ಅಂಟಿಸಬೇಕು. ಈಗಾಗಲೇ ಬಿರಿದ ಪೆನ್ನಿನ ಸೀಳು ಕೂದಲೆಳೆಯಷ್ಟಿದ್ದರೆ, ಅದೇ ಮರದ ಪುಡಿಯನ್ನು ಸೀಳಿಗೆ ಒತ್ತಿ, ತೆಳು ಸೂಪರ್ ಗ್ಲೂ ಹನಿಸಿ, ಗಟ್ಟಿಯಾದ ಮೇಲೆ ಉಜ್ಜಿ ಮತ್ತೆ ಹೊಳಪು ಕೊಡಬಹುದು. ಅದಕ್ಕಿಂತ ಅಗಲವಾಗಿದ್ದರೆ ಮರವನ್ನು ಕೊಳವೆಯ ತನಕ ಕಡೆದು ತೆಗೆದು, ಒಣಗಿದ ಹೊಸ ತುಂಡಿನಿಂದ ಆರಂಭಿಸಬೇಕು.